ಬಾಟಲಿ ಗಾಜಿನ ಪುಡಿ ಹಾಕಿದ ಎಂ30 ಕಾಂಕ್ರೀಟು: ಮಂಗಳೂರಿನ ಬೈಕಂಪಾಡಿ ಶೆಡ್ಡಿನ ಕೆಲಸದ ದಾಖಲೆ

ಗುರಿ: ಗುಜರಿ ಬಾಟಲಿಯ ಗಾಜು ಸೇರಿಸಿ, ಸರಳು ಹಾಕಿದ ಒಂದು ಲಿಂಟಲ್ ಎರಕ ಹೊಯ್ಯುವುದು. ಅಲಂಕಾರದ ಟೈಲ್ಸ್ ಅಲ್ಲ, ಭಾರ ಹೊರುವ ತುಂಡು. ಕಡಲ ಗಾಳಿಗೆ ಮೈಯೊಡ್ಡಿ ನಿಲ್ಲುವ ಕಾಂಕ್ರೀಟಿಗೆ ಐಎಸ್ 456 (ಕಾಂಕ್ರೀಟು ಕೆಲಸದ ಭಾರತೀಯ ಮಾನಕ) ಹೇಳುವುದು ಕನಿಷ್ಠ ಎಂ30 (28 ದಿನಕ್ಕೆ ಚದರ ಮಿ.ಮೀ.ಗೆ 30 ನ್ಯೂಟನ್ ತಾಳುವ ದರ್ಜೆ), ಘನ ಮೀಟರಿಗೆ 320 ಕಿಲೋ ಸಿಮೆಂಟು, ನೀರು-ಸಿಮೆಂಟು ಅನುಪಾತ 0.45ರ ಒಳಗೆ, ಕವರ್ (ಸರಳಿನ ಹೊರಗಿನ ಕಾಂಕ್ರೀಟು ಹೊದಿಕೆ) 45 ಮಿ.ಮೀ. ಈ ನಾಲ್ಕರಲ್ಲಿ ಒಂದನ್ನೂ ಸಡಿಲಿಸಿಲ್ಲ.

ಮಾರ್ಚ್: ಗಾಜು ಆರಿಸಿದ್ದು

ತೆಗೆದುಕೊಂಡದ್ದು ಬಿಯರ್ ಬಾಟಲಿ, ಸೋಡಾ ಬಾಟಲಿ, ಕಿಟಕಿಯ ಗಾಜು. ಇವೆಲ್ಲ ಸೋಡಾ-ಲೈಮ್ ಜಾತಿ, ಸುಮಾರು 70% ಸಿಲಿಕಾ, ಸಾಪೇಕ್ಷ ಸಾಂದ್ರತೆ 2.5. ಹೊರಗಿಟ್ಟದ್ದು ಟ್ಯೂಬ್‌ಲೈಟ್ (ಪಾದರಸ), ಹಳೆ ಟಿ.ವಿ.ಯ ಪಿಕ್ಚರ್ ಟ್ಯೂಬ್ (ಸೀಸ), ಕಾರಿನ ಮುಂದಿನ ಗಾಜು (ನಡುವೆ ಪ್ಲಾಸ್ಟಿಕ್ ಪದರ), ಓವನ್ ಪಾತ್ರೆ, ಪಿಂಗಾಣಿ ಚೂರು.

ತೊಳೆಯುವುದನ್ನು ಹಗುರವಾಗಿ ತೆಗೆದುಕೊಂಡದ್ದಕ್ಕೆ ಎರಡು ಬ್ಯಾಚ್ ಹಾಳಾದವು. ಮೊದಲನೆಯದರಲ್ಲಿ ಬಾಟಲಿಯ ಕುತ್ತಿಗೆಯ ಅಲ್ಯೂಮಿನಿಯಂ ಉಂಗುರ ಪುಡಿಯೊಳಗೆ ಹೋಗಿತ್ತು. ಸಿಮೆಂಟಿನ ಕ್ಷಾರಕ್ಕೆ ಅಲ್ಯೂಮಿನಿಯಂ ಸಿಕ್ಕಿದರೆ ಹೈಡ್ರೋಜನ್ ಏಳುತ್ತದೆ. ಪರೀಕ್ಷೆಗೆ ಎರಕ ಹೊಯ್ದ ಕ್ಯೂಬಿನ ಮೇಲ್ಮೈ ನೀರುದೋಸೆಯ ಹಾಗೆ ತೂತುತೂತು. ಅಯಸ್ಕಾಂತಕ್ಕೆ ಇದು ಅಂಟುವುದಿಲ್ಲ, ಕಣ್ಣಿಂದಲೇ ಆರಿಸಬೇಕು. ಎರಡನೆಯದರಲ್ಲಿ ಸಿಹಿ ಪಾನೀಯದ ಅಂಟು ಉಳಿದಿತ್ತು. ಸಿಮೆಂಟಿನ ತೂಕದ 0.05% ಸಕ್ಕರೆ ಸೇರಿದರೂ ಸೆಟ್ಟಿಂಗ್ ಗಂಟೆಗಟ್ಟಲೆ ಹಿಂದೆ ಬೀಳುತ್ತದೆ. ನಮ್ಮ ಬ್ಯಾಚಿನ 14.4 ಕಿಲೋ ಸಿಮೆಂಟಿಗೆ ಅದು ಬರೇ 7 ಗ್ರಾಂ, ಒಂದೂವರೆ ಟೀ ಚಮಚ. ಮಾರನೆಯ ದಿನ ಅಚ್ಚು ಬಿಚ್ಚಿದಾಗ ಮೂಲೆಗಳು ಉದುರಿದವು. ಈಗ ಬಾಟಲಿಗಳನ್ನು ಒಂದು ರಾತ್ರಿ ನೆನೆಹಾಕಿ, ಲೇಬಲ್ ಕೆರೆದು, ಎರಡು ನೀರಲ್ಲಿ ತೊಳೆದು, ಬಿಸಿಲಿಗೆ ಹಾಕುವುದು.

ತೊಳೆಯಲಿಕ್ಕೂ ಕಲಸಲಿಕ್ಕೂ ಕಡಲ ಬದಿಯ ಬಾವಿಯ ನೀರು ಬೇಡ. ಏಪ್ರಿಲ್-ಮೇಯಲ್ಲಿ ಅದು ಉಪ್ಪಾಗುತ್ತದೆ; ಸರಳು ಹಾಕಿದ ಕಾಂಕ್ರೀಟಿನ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು.

ಏಪ್ರಿಲ್: ಕಾಳೋ ಪುಡಿಯೋ

ಗಾಜನ್ನು ಮರಳಿನ ಕಾಳಿನಷ್ಟಕ್ಕೆ ಒಡೆದು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಬದಲಿಗೆ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕೆಡುವುದೂ ಅಲ್ಲೇ. ಒಡೆದ ಕಾಳಿನ ಒಳಬಿರುಕುಗಳಲ್ಲಿ ಕ್ಷಾರ ಮತ್ತು ಸಿಲಿಕಾ ಸೇರಿ ಜೆಲ್ ಆಗುತ್ತದೆ, ಅದು ನೀರು ಹೀರಿ ಉಬ್ಬುತ್ತದೆ, ಗಟ್ಟಿಯಾದ ಕಾಂಕ್ರೀಟು ಒಳಗಿಂದಲೇ ಸೀಳುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದವರ ಪರೀಕ್ಷೆಗಳಲ್ಲಿ ಬಿಳಿ ಬಾಟಲಿ ಗಾಜು ಅತಿ ಹೆಚ್ಚು ಹಿಗ್ಗಿದ್ದು 1.18 ಮಿ.ಮೀ. ಆಸುಪಾಸಿನ ಕಾಳಿನಲ್ಲಿ, ಅಂದರೆ ಸರಿಯಾಗಿ ಮರಳಿನ ಗಾತ್ರದಲ್ಲಿ. ಜೆಲ್ ಉಬ್ಬಲಿಕ್ಕೆ ಸುಮಾರು 80% ತೇವಾಂಶ ಬೇಕು. ನಮ್ಮೂರಿನ ಗಾಳಿ ಅದನ್ನು ತಿಂಗಳುಗಟ್ಟಲೆ ಪುಕ್ಕಟೆ ಕೊಡುತ್ತದೆ.

ಅದೇ ಗಾಜು 75 ಮೈಕ್ರಾನಿಗಿಂತ ನಯವಾದರೆ ಲೆಕ್ಕ ತಿರುಗುತ್ತದೆ. ಕಾಂಕ್ರೀಟು ಇನ್ನೂ ಎಳೆಯದಾಗಿರುವಾಗಲೇ ಸಿಮೆಂಟಿನ ಸುಣ್ಣದೊಡನೆ ಸೇರಿ ಗಟ್ಟಿ ಅಂಟಾಗುತ್ತದೆ; ಹಾರುಬೂದಿ ಮಾಡುವ ಕೆಲಸವೇ.

ಎಎಸ್‌ಟಿಎಂ ಸಿ 1260 ಎಂಬ ಅಮೆರಿಕದ ಮಾನಕದ ಪ್ರಕಾರ ಗಾರೆಯ ಕಡ್ಡಿ ಎರಕ ಹೊಯ್ದು ಎರಡನ್ನೂ ನೋಡಿದ್ದಾಯಿತು. ಮೂರು ಕಡ್ಡಿಗೆ 440 ಗ್ರಾಂ ಸಿಮೆಂಟು, 990 ಗ್ರಾಂ ಮರಳು, 207 ಗ್ರಾಂ ನೀರು. ಕಡ್ಡಿ 25×25×285 ಮಿ.ಮೀ. ಅಚ್ಚು ಬಿಚ್ಚಿ ಒಂದು ದಿನ 80 ಡಿಗ್ರಿ ನೀರಲ್ಲಿಟ್ಟು ಶೂನ್ಯ ಅಳತೆ, ಆಮೇಲೆ 14 ದಿನ 80 ಡಿಗ್ರಿಯ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ. ದ್ರಾವಣಕ್ಕೆ ಲೀಟರಿಗೆ 40 ಗ್ರಾಂ ಸೋಡಾ. ಇದಕ್ಕೆ ಗಾಜಿನ ಪಾತ್ರೆ ಬೇಡ, ಬಿಸಿ ಕಾಸ್ಟಿಕ್ ಅದನ್ನೇ ತಿನ್ನುತ್ತದೆ. ಹಿಗ್ಗಿದ್ದು 0.10% ಒಳಗಿದ್ದರೆ ನಿರಪಾಯ, 0.20% ದಾಟಿದರೆ ಅಪಾಯ. ಕಾಳು ಹಾಕಿದ ಕಡ್ಡಿಗಳು ದಾಟಿದವು. ಪುಡಿ ಹಾಕಿದ್ದನ್ನು (352 ಗ್ರಾಂ ಸಿಮೆಂಟು, 88 ಗ್ರಾಂ ಪುಡಿ, ಮರಳು ಮಾಮೂಲಿ ಎಂ-ಸ್ಯಾಂಡ್) ಅದರ ಜೋಡಿ ಪರೀಕ್ಷೆ ಸಿ 1567ರಲ್ಲಿ ನೋಡಿದಾಗ 0.10% ಒಳಗೇ ನಿಂತಿತು. ಕಾಳಿನ ಕಥೆ ಅಲ್ಲಿಗೆ ಮುಗಿಯಿತು.

ಪುಡಿ ಮಾಡಿದ್ದು

ಗೋಣಿಚೀಲದೊಳಗೆ ಸುತ್ತಿಗೆಯಿಂದ ಒಡೆದು, 4.75 ಮಿ.ಮೀ. ಜರಡಿ ಹಿಡಿದು, ಲಾಸ್ ಏಂಜಲೀಸ್ ಯಂತ್ರದ ಡ್ರಮ್ಮಿಗೆ 12 ಉಕ್ಕಿನ ಗುಂಡುಗಳೊಡನೆ 5 ಕಿಲೋ. ಜಲ್ಲಿಯ ಸವೆತ ಪರೀಕ್ಷೆಯ 500 ಸುತ್ತು ಇಲ್ಲಿ ಏನೇನೂ ಸಾಲದು. 75 ಮೈಕ್ರಾನ್ ಜರಡಿಯ ಮೇಲೆ ನಿಂತದ್ದನ್ನು ಮತ್ತೆ ಮತ್ತೆ ಡ್ರಮ್ಮಿಗೆ ಹಾಕಬೇಕು. ತೇವ ಇದ್ದರೆ ಜರಡಿಯ ಕಣ್ಣು ಕಟ್ಟುತ್ತದೆ, ಹಾಗಾಗಿ ಮೊದಲು 105 ಡಿಗ್ರಿಯಲ್ಲಿ ಒಣಗಿಸಿಕೊಳ್ಳುವುದು. ಗುಂಡು ಸವೆದು ಬಂದ ಕಬ್ಬಿಣಕ್ಕೆ ಕೊನೆಗೆ ಅಯಸ್ಕಾಂತ. ಪುಡಿಯನ್ನು ಬಿಗಿ ಮುಚ್ಚಳದ ಡ್ರಮ್ಮಿನಲ್ಲಿಡಿ, ಮಳೆಗಾಲದ ಗಾಳಿಗೆ ಗಂಟು ಕಟ್ಟುತ್ತದೆ. ಎನ್95 ಮಾಸ್ಕು, ಕನ್ನಡಕ, ಚರ್ಮದ ಕೈಗವಸು ಇಲ್ಲದೆ ಈ ಕೆಲಸ ಬೇಡ.

ಮೇ: ಮಿಶ್ರಣ

ಇಲ್ಲಿ ಒಂದು ಸಿಕ್ಕು. ಗಾಜಿನ ಪುಡಿಗೆ ಅಮೆರಿಕದಲ್ಲಿ 2020ರಿಂದ ಎಎಸ್‌ಟಿಎಂ ಸಿ 1866 ಇದೆ. ನಮ್ಮ ಐಎಸ್ 456 ಹೆಸರಿಸುವ ಖನಿಜ ಸೇರ್ಪಡೆಗಳಲ್ಲಿ ಹಾರುಬೂದಿ, ಸಿಲಿಕಾ ಫ್ಯೂಮ್, ಭತ್ತದ ಹೊಟ್ಟಿನ ಬೂದಿ, ಮೆಟಾಕೆಯೋಲಿನ್, ಸ್ಲ್ಯಾಗ್ ಇವೆ, ಗಾಜಿಲ್ಲ. 400 ಕಿಲೋದಲ್ಲಿ 80 ಕಿಲೋ ಗಾಜು ಹಾಕಿ ಎಲ್ಲವನ್ನೂ ಸಿಮೆಂಟು ಎಂದು ಎಣಿಸಿದರೆ, 168 ಲೀಟರ್ ನೀರಿಗೆ ಕಾಗದದ ಮೇಲೆ ಅನುಪಾತ 0.42. ಗಾಜನ್ನು ಬಿಟ್ಟು 320 ಕಿಲೋ ಸಿಮೆಂಟಿಗೇ ಭಾಗಿಸಿದರೆ ಅದೇ ನೀರು 0.525. ಕಡಲ ಬದಿಯಲ್ಲಿ ಸರಳು ತುಕ್ಕು ಹಿಡಿದು ಕವರ್ ಉದುರುವ ಲೆಕ್ಕ ಅದು. ಹಾಗಾಗಿ ಗಾಜನ್ನು ಸಿಮೆಂಟಿನ ಖಾತೆಗೆ ಹಾಕಲಿಲ್ಲ, ಎಂ-ಸ್ಯಾಂಡಿನ ಖಾತೆಯಿಂದ ಕಳೆದೆವು.

ಘನ ಮೀಟರಿಗೆ: 53 ಗ್ರೇಡ್ ಒಪಿಸಿ (ಮಾಮೂಲಿ ಸಿಮೆಂಟು) 360 ಕಿಲೋ, ನೀರು 162, ಗಾಜಿನ ಪುಡಿ 72, ಎಂ-ಸ್ಯಾಂಡ್ 669, 20 ಎಂಎಂ ಜಲ್ಲಿ 696, 12 ಎಂಎಂ ಜಲ್ಲಿ 464, ಪಿಸಿಇ ಅಡ್‌ಮಿಕ್ಸ್ಚರ್ (ಕಡಿಮೆ ನೀರಲ್ಲೇ ಕಾಂಕ್ರೀಟು ಹರಿಯುವಂತೆ ಮಾಡುವ ರಾಸಾಯನಿಕ) 2.9. ಗಾಜಿಲ್ಲದ ಜೋಡಿ ಮಿಶ್ರಣದಲ್ಲಿ ಎಂ-ಸ್ಯಾಂಡ್ 745, ಉಳಿದದ್ದು ಹಾಗೆಯೇ. ತೂಕಕ್ಕೆ ತೂಕ ಬದಲಿಸಬಾರದು, ಸಾಂದ್ರತೆ ಬೇರೆಯಾದ್ದರಿಂದ 72 ಕಿಲೋ ಪುಡಿ ಹಿಡಿಯುವ ಜಾಗ 76 ಕಿಲೋ ಮರಳಿನದ್ದು.

ಇನ್ನೊಂದು ಎಚ್ಚರ. ಗಾಜಿನಲ್ಲಿ ಸುಮಾರು 13% ಸೋಡಿಯಂ ಆಕ್ಸೈಡ್. 72 ಕಿಲೋದೊಳಗೆ 9 ಕಿಲೋ ದಾಟುತ್ತದೆ. ಎಲ್ಲವೂ ಹೊರಬರುವುದಿಲ್ಲ ನಿಜ. ಆದರೂ ಜಲ್ಲಿಯೇ ಕ್ಷಾರಕ್ಕೆ ಸ್ಪಂದಿಸುವ ಜಾತಿಯಾದರೆ ಪುಡಿ ಉಪಕಾರಿಯಲ್ಲ. ಕ್ವಾರಿ ಬದಲಾದಾಗೆಲ್ಲ ಕಡ್ಡಿ ಪರೀಕ್ಷೆ ಮತ್ತೆ ಆಗಬೇಕು.

ಜೂನ್: ಮಳೆ, ಎರಕ

40 ಲೀಟರ್ ಬ್ಯಾಚಿಗೆ ಸಿಮೆಂಟು 14.4 ಕಿಲೋ, ಪುಡಿ 2.88, ಎಂ-ಸ್ಯಾಂಡ್ 26.8, ಜಲ್ಲಿ 46.4, ನೀರು 6.48 ಲೀಟರ್, ಅಡ್‌ಮಿಕ್ಸ್ಚರ್ 115 ಗ್ರಾಂ. 150 ಮಿ.ಮೀ. ಕ್ಯೂಬು ಒಂಬತ್ತು ಬಂದು ಸ್ವಲ್ಪ ಮಿಗುತ್ತದೆ. ಮಳೆಗೆ ನೆನೆದ ಎಂ-ಸ್ಯಾಂಡಿನ ತೇವ, ಅದು ಹೀರುವುದನ್ನು ಕಳೆದು, 3% ಹೆಚ್ಚಿದ್ದರೆ ಮರಳಿನ ಜೊತೆಗೇ 0.8 ಲೀಟರ್ ನೀರು ಒಳಗೆ ಬರುತ್ತದೆ. ಕಳೆಯದೆ ಕಲಸಿದರೆ 0.45 ಇದ್ದದ್ದು 0.50 ದಾಟಿತು. ಆ ದಿನ ಮರಳು 27.6 ಕಿಲೋ ತೂಗಿ, ನೀರು 5.68 ಲೀಟರ್ ಮಾತ್ರ ಹಾಕುವುದು. ತೇವ ನೋಡಲು ಬಾಣಲೆಯಲ್ಲಿ ಅರ್ಧ ಕಿಲೋ ಮರಳು ಹುರಿದರೆ ಸಾಕು.

ಪುಡಿಯನ್ನು ಮೊದಲು ಸಿಮೆಂಟಿನೊಡನೆ ಒಣಗಲಸಿ, ಆಮೇಲೆ ಉಳಿದದ್ದು. ಗಾಜು ನೀರು ಹೀರದ ಕಾರಣ ಅಡ್‌ಮಿಕ್ಸ್ಚರ್ ಸ್ವಲ್ಪ ಜಾಸ್ತಿಯಾದರೂ ಕಾಂಕ್ರೀಟಿನ ಮೇಲೆ ನೀರು ತೇಲಿ ಬರುತ್ತದೆ. ಕೊನೆಯ 20 ಗ್ರಾಂ ಕೈಯಲ್ಲಿ ಉಳಿಸಿಕೊಂಡು, ಸ್ಲಂಪ್ (ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಎಂಬ ಅಳತೆ) ನೋಡಿ ಹಾಕಿ.

ಆಗಸ್ಟ್

ಎಂ30ಕ್ಕೆ ಗುರಿ ಚದರ ಮಿ.ಮೀ.ಗೆ 38.25 ನ್ಯೂಟನ್, 150ರ ಕ್ಯೂಬಿನ ಮೇಲೆ ಸುಮಾರು 860 ಕಿಲೋನ್ಯೂಟನ್. 28 ದಿನಕ್ಕೆ ಎರಡೂ ಮಿಶ್ರಣಗಳು ದಾಟಿದವು, ಅವುಗಳ ನಡುವೆ ಹೇಳಿಕೊಳ್ಳುವ ಅಂತರ ಇಲ್ಲ. 56 ದಿನಕ್ಕೆ ಗಾಜಿನದ್ದು ಮುಂದೆ. ಈ ಪ್ರತಿಕ್ರಿಯೆ ನಿಧಾನದ್ದು, 7 ದಿನದ ಕ್ಯೂಬು ನೋಡಿ ಏನನ್ನೂ ತೀರ್ಮಾನಿಸಬೇಡಿ.

ಲಿಂಟಲ್ 1200×150×200 ಮಿ.ಮೀ., ಒಂದು ಬ್ಯಾಚಿಗೆ ಒಂದು. ಕೆಳಗೆ 10ರ ಸರಳು ಎರಡು, ಮೇಲೆ 8ರದ್ದು ಎರಡು, 6ರ ರಿಂಗು 100 ಮಿ.ಮೀ.ಗೆ ಒಂದರಂತೆ. 45ರ ಕವರ್ ಬಿಟ್ಟ ಮೇಲೆ ಕೆಳಗಿನ ಸರಳುಗಳ ನಡುವೆ ಉಳಿಯುವುದು 28 ಮಿ.ಮೀ.; 20 ಎಂಎಂ ಜಲ್ಲಿಗೆ 25 ಬೇಕು, ಅಷ್ಟರಲ್ಲೇ ಪಾರು. ಕವರ್ ಬ್ಲಾಕು ಜಾರಿದರೆ ಜೇನುಗೂಡು (ಕಾಂಕ್ರೀಟು ತುಂಬದ ತೂತುಗಳು) ಖಂಡಿತ. ಗಾಜಿನದ್ದೊಂದು, ಗಾಜಿಲ್ಲದ್ದೊಂದು ಎರಕ ಹೊಯ್ದು ಒದ್ದೆ ಗೋಣಿ ಹೊದೆಸಿದೆ. 90 ದಿನದ ಕ್ಯೂಬು ಒಡೆದ ಮೇಲೆ ಎರಡರ ಮೇಲೂ ಮರಳಿನ ಚೀಲ ಹೇರಿ ಬಾಗುವುದನ್ನು ಡಯಲ್ ಗೇಜಿನಲ್ಲಿ ಅಳೆಯುವುದು ಬಾಕಿ.