ಫೈಲ್ ತಂದವರ ಪಾಲು

ಹದಡಿ ರಸ್ತೆಯ ಒಂದು ಮನೆಯ ಸಾಲದಿಂದ ನನಗೆ ಬಂದ ಕಮಿಷನ್ 13,120 ರೂಪಾಯಿ. ಅದರಲ್ಲಿ ಅರ್ಧ ನನ್ನದಲ್ಲ ಎಂಬುದು ಮೊದಲ ದಿನವೇ ತೀರ್ಮಾನವಾಗಿತ್ತು. ಗಿರಾಕಿಯನ್ನು ಕರೆತಂದ ದಲ್ಲಾಳಿ ಅಣ್ಣ ಕುರ್ಚಿ ಎಳೆದುಕೊಳ್ಳುತ್ತಲೇ ಹೇಳಿದ್ದರು: “ತಮ್ಮಾ, ಫೈಲ್ ನನ್ನದು. ಲೆಕ್ಕ ಎಂದಿನಂತೆ.”

ನಾನು ದಾವಣಗೆರೆಯಲ್ಲಿ ಗೃಹಸಾಲದ ಏಜೆಂಟ್. ಬ್ಯಾಂಕಿನ ನೌಕರನಲ್ಲ, ಕಾಗದಪತ್ರ ಜೋಡಿಸಿ ಫೈಲ್ ಸಲ್ಲಿಸುವವನು. ಸಾಲ ಬಿಡುಗಡೆಯಾದ ಮರುತಿಂಗಳು ಆ ಮೊತ್ತದ ಶೇ 0.4ರಷ್ಟು, ಮೂಲದಲ್ಲೇ ಕಡಿತವಾಗುವ ತೆರಿಗೆ (ಟಿಡಿಎಸ್) ಮುರಿದುಕೊಂಡು, ಬ್ಯಾಂಕಿನಿಂದ ನನ್ನ ಖಾತೆಗೆ ಬೀಳುತ್ತದೆ. ದಲ್ಲಾಳಿಗೆ ಕೊಳ್ಳುವವರಿಂದ ಬೆಲೆಯ ಶೇ 1, ಮಾರುವವರಿಂದ ಶೇ 1. 46 ಲಕ್ಷದ ಆ ಮನೆಗೆ ಅವರ ಲೆಕ್ಕ 92,000. ಅಷ್ಟಿದ್ದೂ ನನ್ನ ಆರೂವರೆ ಸಾವಿರದ ಮೇಲೇಕೆ ಕಣ್ಣು ಎಂದು ಬಹಳ ಕಾಲ ಒಳಗೊಳಗೇ ಕುದಿದಿದ್ದೇನೆ.

ಆದರೆ ಆ 92,000 ಕಾಗದದ ಮೇಲಿನ ಲೆಕ್ಕ. ಒಂದು ಮನೆ ಮಾರಿಸಲು ಅವರು ಸ್ವಂತ ಪೆಟ್ರೋಲ್ ಸುಟ್ಟು ನಲವತ್ತು ಜನರಿಗೆ ತೋರಿಸಿರುತ್ತಾರೆ. ಅವರಲ್ಲಿ ಇಬ್ಬರಾದರೂ ಸಂಜೆ ಒಬ್ಬರೇ ಹೋಗಿ ಮಾಲೀಕರ ಬಾಗಿಲು ತಟ್ಟಿರುತ್ತಾರೆ. ರಿಜಿಸ್ಟರ್ ಆದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ನಿಂತು ಕೈಯೊಡ್ಡಿ ಕೇಳಬೇಕು. ಕೆಲಸ ಮುಗಿದವರಿಗೆ ಆ ಹೊತ್ತಿಗೆ ದಲ್ಲಾಳಿಯ ಮುಖವೇ ಬೇಡವಾಗಿರುತ್ತದೆ. 2016ರ ರೇರಾ, ಅಂದರೆ ಸ್ಥಿರಾಸ್ತಿ ವ್ಯವಹಾರ ನಿಯಂತ್ರಣ ಕಾಯ್ದೆ, ನೋಂದಾಯಿತ ಯೋಜನೆಗಳಲ್ಲಿ ಮಾರಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿದೆ, ನಿಜ. ಹಳೆಯ ಮನೆ ಕೈಬದಲಾಯಿಸುವ ನಮ್ಮ ಅಣ್ಣಂದಿರಿಗೆ ಇರುವ ಆಧಾರ ಬಾಯಿಮಾತು ಮಾತ್ರ. ಕೇಳದೆಯೇ ಖಾತೆಗೆ ಹಣ ಬರುವ ನನ್ನನ್ನು ಕಂಡರೆ ಅವರಿಗೆ ಏನನ್ನಿಸುತ್ತದೆ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಈ ಮನೆಯ ಗಿರಾಕಿ ಒಬ್ಬ ಹೈಸ್ಕೂಲ್ ಮೇಷ್ಟ್ರು. ಕ್ರಯದ ಕರಾರನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲಿಟ್ಟರು. 3 ಲಕ್ಷ ಮುಂಗಡ ಕೊಟ್ಟಾಗಿತ್ತು. ಮೂರು ತಿಂಗಳ ಗಡುವು, ತಪ್ಪಿದರೆ ಮುಂಗಡ ವಾಪಸ್ಸಿಲ್ಲ. ಜೊತೆಗೆ ನೋಟ್‌ಪುಸ್ತಕದ ಒಂದು ಹಾಳೆ, ಅದರಲ್ಲಿ ದುಂಡಾದ ಅಕ್ಷರದಲ್ಲಿ ‘ಸಾಲ ಶೇ 90: 41,40,000. ಕೈಯಿಂದ: 4,60,000.’ ಕಪ್ಪು ಹಲಗೆಯ ಮೇಲೆ ಉತ್ತರಕ್ಕೆ ಎಳೆಯುವಂತೆ ಕೆಳಗೆ ಎರಡು ಗೆರೆ.

ಉತ್ತರ ತಪ್ಪಾಗಿತ್ತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಶೇ 90 ಸಿಗುವುದು 30 ಲಕ್ಷದವರೆಗಿನ ಸಾಲಕ್ಕೆ. ಅದನ್ನು ದಾಟಿದರೆ 75 ಲಕ್ಷದವರೆಗೆ ಶೇ 80. ಅದೂ ಕರಾರಿನ ಬೆಲೆ ಮತ್ತು ಬ್ಯಾಂಕ್ ಕಟ್ಟಿಸುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಆ ಬೆಲೆಗೆ ಸೇರಿಸುವಂತಿಲ್ಲ.

ಹೇಳಲು ಬಾಯಿ ತೆರೆದೆ. ಅಣ್ಣ ನನ್ನತ್ತ ನೋಡಿ, “ಮೊದಲು ಫೈಲ್ ಹಾಕು, ಆಮೇಲೆ ನೋಡೋಣ” ಎಂದರು. ಬಾಯಿ ಮುಚ್ಚಿದೆ. ಆ ವರ್ಷ ನನ್ನ ಹತ್ತು ಫೈಲುಗಳಲ್ಲಿ ಆರು ಅವರ ಕೈಯಿಂದ ಬಂದಿದ್ದವು. ಮೇಷ್ಟ್ರು ಒಂದೇ ಒಂದು ಫೈಲ್.

ಮೌಲ್ಯಮಾಪಕರು ಹೋಗಿ ನೋಡಿದರು. ಮಂಜೂರಾದ ನಕ್ಷೆಯಲ್ಲಿ ಇದ್ದುದು ಕೆಳಮಹಡಿ ಮಾತ್ರ. ಮೇಲಿನ ಎರಡು ಕೋಣೆ ಪರವಾನಗಿ ಇಲ್ಲದೆ ಎದ್ದವು. ಅವುಗಳನ್ನು ಬಿಟ್ಟು 41 ಲಕ್ಷ ಬರೆದರು. ಸಾಲ 32 ಲಕ್ಷ 80 ಸಾವಿರ. ನಾಲ್ಕೂಮುಕ್ಕಾಲು ಲಕ್ಷಕ್ಕೂ ಕಡಿಮೆ ಹಣ ಸಾಕೆಂದು ನಂಬಿದ್ದವರು ಈಗ ಹದಿಮೂರು ಲಕ್ಷಕ್ಕೂ ಹೆಚ್ಚು ಹೊಂದಿಸಬೇಕಿತ್ತು.

ಅಣ್ಣ ಫೋನಿನಲ್ಲಿ ಕೂಗಾಡಿದರು. ನನ್ನ ಬ್ಯಾಂಕೇ ಸರಿಯಿಲ್ಲ, ಮೌಲ್ಯಮಾಪಕರ ಹತ್ತಿರ ಮಾತಾಡಲು ನನಗೆ ಬರುವುದಿಲ್ಲ, ಇನ್ನೊಬ್ಬ ಏಜೆಂಟ್ ನೂರಕ್ಕೆ ಅರವತ್ತು ಪಾಲು ಕೊಡುತ್ತಾನೆ. ಫೈಲನ್ನು ಅಲ್ಲಿಗೇ ಒಯ್ದರು. ಅಲ್ಲೂ ಅದೇ ಶೇ 80, ಅದೇ ನಕ್ಷೆ. ಹನ್ನೆರಡು ದಿನದ ನಂತರ ಅದು ನನ್ನ ಮೇಜಿಗೇ ಮರಳಿತು. ಕಮಿಷನ್ನಿಗಾಗಿ ನಾವಿಬ್ಬರೂ ಹಗ್ಗ ಜಗ್ಗಿದ ಆ ಹನ್ನೆರಡು ದಿನ ಮೇಷ್ಟರ ಗಡುವಿನವು.

ಆ ಸಂಜೆ ಮೇಷ್ಟ್ರು ಒಬ್ಬರೇ ಬಂದರು. “ನಿಮಗೆ ಇದು ಮೊದಲೇ ಗೊತ್ತಿತ್ತೇ?”

“ಗೊತ್ತಿತ್ತು ಸರ್.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದರು.

ಮಾರುವವರು ಒಂದು ತಿಂಗಳು ಹೆಚ್ಚು ಕೊಟ್ಟರು, ಪುಣ್ಯವಂತರು. ಭವಿಷ್ಯನಿಧಿ, ಭಾವಮೈದುನನ ಕೈಗಡ, ಚಿನ್ನದ ಸಾಲ ಎಲ್ಲ ಸೇರಿ ಕ್ರಯಪತ್ರವಾಯಿತು. ಅಂದು ಮೇಷ್ಟರ ಪತ್ನಿಯ ಕೊರಳಲ್ಲಿ ಕರಿಮಣಿ ಬಿಟ್ಟು ಬೇರೇನೂ ಇರಲಿಲ್ಲ. ಹೊರಗೆ ಅಣ್ಣ 46,000 ಕೇಳಿದರು, ಮೇಷ್ಟ್ರು 25,000 ಎಣಿಸಿಕೊಟ್ಟು ಬೆನ್ನು ತಿರುಗಿಸಿದರು. ಅಣ್ಣ ನೇರ ನನ್ನ ಬಳಿ ಬಂದರು. ಮರುತಿಂಗಳು ಅವರ ಅರ್ಧ ಕೊಟ್ಟೆ. ಹಾಗೆ ಕೊಟ್ಟದ್ದು ಅದೇ ಕೊನೆ.

ಈಗ ಯಾರು ಕರೆತಂದರೂ ಕೊಳ್ಳುವವರ ಎದುರು ಚೀಟಿಯಲ್ಲಿ ಬರೆದುಕೊಡುತ್ತೇನೆ: ಸಾಲ ಎಷ್ಟು, ಕೈಯಿಂದ ಎಷ್ಟು, ಕಂತು ಎಷ್ಟು. ಶೇ 8.5 ಬಡ್ಡಿಯಾದರೆ 20 ವರ್ಷಕ್ಕೆ ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ. ನನಗೆ ಹಣ ಕೊಡುವವರು ಯಾರೆಂಬುದನ್ನೂ ಹೇಳುತ್ತೇನೆ. ಶೇ 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆದ ಮೇಲೆ ಚೀಟಿಯ ಮೊತ್ತ ಇನ್ನೂ ಬೆಳೆದಿದೆ. 46 ಲಕ್ಷಕ್ಕೆ ಅದೊಂದರಿಂದಲೇ 46,000 ಹೆಚ್ಚು, ಸರಿಯಾಗಿ ದಲ್ಲಾಳಿಯ ಒಂದು ಕಡೆಯ ಕಮಿಷನ್. ಕೊಳ್ಳುವವರು ಅದನ್ನು ಯಾರಿಂದ ಮುರಿದುಕೊಳ್ಳಲು ನೋಡುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಅಮೆರಿಕದಲ್ಲಿ 1974ರ ಒಂದು ಕಾಯ್ದೆಯಿಂದಾಗಿ ಗೃಹಸಾಲಕ್ಕೆ ಗಿರಾಕಿ ಕಳುಹಿಸಿದ್ದಕ್ಕಾಗಿ ಹಣ ಕೊಡುವುದೂ ತೆಗೆದುಕೊಳ್ಳುವುದೂ ನಿಷಿದ್ಧ. ಇಲ್ಲಿ ನಾನೇ ಹಾಕಿಕೊಂಡ ನಿಯಮಕ್ಕೆ ಬೆಲೆ ತೆತ್ತಿದ್ದೇನೆ: ಮರುವರ್ಷ ಅಣ್ಣನ ಆರು ಫೈಲ್ ಒಂದಕ್ಕೆ ಇಳಿಯಿತು, ಮನೆಯಲ್ಲಿ ಮಾತು ಕೇಳಿದ್ದೂ ಆಯಿತು.

ಮೊನ್ನೆ ಸಂಜೆ ಅಣ್ಣ ಮತ್ತೆ ಬಂದರು, ಕರಾರು ಆಗುವ ಮೊದಲೇ, ಮನೆಯ ನಕ್ಷೆಯ ಪ್ರತಿ ಹಿಡಿದುಕೊಂಡು. “ಎಷ್ಟು ಬರುತ್ತದೆ ನೋಡಿ ಹೇಳು, ಆಮೇಲೆ ಮುಂಗಡ ಕೊಡಿಸುತ್ತೇನೆ.” ಪಕ್ಕದ ಅಂಗಡಿಯಲ್ಲಿ ಖಾರ ಮಂಡಕ್ಕಿ, ಮಿರ್ಚಿ ಹೇಳಿ, ತಟ್ಟೆಯ ಪಕ್ಕದಲ್ಲೇ ನಕ್ಷೆ ಬಿಡಿಸಿ ನೋಡಿದೆವು. ಏಳುವಾಗ ಕೇಳಿದರು: “ಹಾಗಾದರೆ ಇದರಲ್ಲಿ ನನಗೆ ಏನೂ ಇಲ್ಲವೇ ತಮ್ಮಾ?”

ಮಿರ್ಚಿಯ ದುಡ್ಡು ನಾನೇ ಕೊಟ್ಟೆ.