ಟ್ಯಾಂಕ್ ಸಣ್ಣದಿದ್ರ ಮೀನಾನೂ ಸಣ್ಣದ?

ಕಳೆದ ರವಿವಾರ ಬಾಗಲಕೋಟೆಯ ನವನಗರದ ಅಂಗಡಿಯೊಂದರಲ್ಲಿ ಬಣ್ಣದ ಮೀನು ಮಾರುವ ಹುಡುಗ ಹೇಳಿದ ಮಾತು ಈ ವಾರವಿಡೀ ನನ್ನ ತಲೆಯಿಂದ ಇಳಿದಿಲ್ಲ. ಅಣ್ಣನ ಮಗಳ ಹಟಕ್ಕೆ ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಒಂದಡಿ ಎತ್ತರದ, ಅಂದರೆ ಸುಮಾರು 30 ಲೀಟರ್ ನೀರು ಹಿಡಿಯುವ ಗಾಜಿನ ಟ್ಯಾಂಕ್ ಆಗಲೇ ಮನೆ ಸೇರಿತ್ತು. ಅದರಲ್ಲಿ ಎಂಟು ಬಂಗಾರ ಬಣ್ಣದ ಗೋಲ್ಡ್‌ಫಿಶ್ ಹಾಗೂ ಒಂದು ಕರಿಯದು ಇರಲೇಬೇಕೆಂದು ಅಣ್ಣ ಮೊಬೈಲಿನಲ್ಲಿ ಯಾರದೋ ವಾಸ್ತು ಸಲಹೆ ನೋಡಿಕೊಂಡು ಬಂದಿದ್ದ. ಇಷ್ಟು ನೀರಿನಲ್ಲಿ ಒಂಬತ್ತು ಮೀನು ಹೇಗೆ ಬಾಳುತ್ತವೆ, ಅವು ಬೆಳೆಯುವುದಿಲ್ಲವೇ ಎಂದು ನಾನು ಕೇಳಿದೆ. ಹುಡುಗ ಬಲೆಯನ್ನು ನೀರಿಗಿಳಿಸುತ್ತಲೇ ಹೇಳಿದ:

"ಟ್ಯಾಂಕ್ ಸಣ್ಣದಿದ್ರ ಮೀನಾನೂ ಸಣ್ಣದ ಉಳಿತೈತ್ರೀ ಸರ, ಏನೂ ಚಿಂತಿ ಮಾಡಬ್ಯಾಡ್ರಿ."

ಮೂರನೇ ತರಗತಿಯ ನಮ್ಮ ಹುಡುಗಿ ನನ್ನ ಅಂಗಿ ಜಗ್ಗಿ, "ಕಾಕಾ, ನಮ್ಮ ಮನಿನೂ ಸಣ್ಣದೈತೆಲ್ಲ, ಹಂಗಾದ್ರ ನಾನೂ ಸಣ್ಣಾಕಿನ ಉಳಿತೀನೇನು?" ಎಂದು ಕೇಳಿದಳು. ಅಣ್ಣ ನಕ್ಕ, ಹುಡುಗನೂ ನಕ್ಕ. ಮಗುವಿನ ತರ್ಕದಲ್ಲಿ ಮಾತ್ರ ತಪ್ಪೇನೂ ಇರಲಿಲ್ಲ.

ಗೋಲ್ಡ್‌ಫಿಶ್ ಎಂದರೆ ಕಾರ್ಪ್ ಮೀನಿನ ಕುಲದ್ದು. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವ ಮರಿ ಸರಿಯಾದ ಜಾಗ ಸಿಕ್ಕರೆ ಆರೆಂಟು ಇಂಚು ಬೆಳೆದು, ಹತ್ತು ವರ್ಷಕ್ಕೂ ಮೇಲೆ ಬದುಕಬಲ್ಲದು. ಇಕ್ಕಟ್ಟಿನಲ್ಲಿಟ್ಟರೆ ಅದರ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಮೀನು ಮಾಡಿಕೊಂಡ ಹೊಂದಾಣಿಕೆಯಲ್ಲ, ತನ್ನದೇ ಹೊಲಸಿನ ಅಮೋನಿಯಾದಲ್ಲಿ ದಿನವೂ ಉಸಿರಾಡಿ ಸೊರಗುವ ರೀತಿ. ಮೇಲಾಗಿ ಅದು ತಂಪು ನೀರಿನ ಜೀವಿ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ನಮ್ಮೂರಿನ ಬೇಸಿಗೆಯಲ್ಲಿ ಕೋಣೆಯೊಳಗಿನ ಕೊಡದ ನೀರೂ ಬೆಚ್ಚಗಾಗುತ್ತದೆ ಎಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಯಾರಿಂದಲೋ ಕೇಳಿದ್ದನ್ನೇ ಹೇಳಿದ್ದ, ಗಿರಾಕಿಗೂ ಅದೇ ಬೇಕಿತ್ತು. ಅಣ್ಣನ ಬಗೆಗೆ ಅಷ್ಟು ಉದಾರವಾಗಿರಲಾರೆ. "ಸತ್ರ ಮತ್ತೊಂದು ತಂದ್ರಾತು, ಭಾಳಂದ್ರ ಇಪ್ಪತ್ತು ರೂಪಾಯಿ" ಎಂದವನು ಅವನೇ, ಬೈಕಿಗೆ ಸಣ್ಣ ಗೀರು ಬಿದ್ದರೆ ರಾತ್ರಿ ನಿದ್ದೆಗೆಡುವವನೂ ಅವನೇ. ಅಂತೂ ಅಂದು ಮೀನು ಬೇಡವೆಂದು ಹಟ ಹಿಡಿದು, ಬರೀ ಫಿಲ್ಟರ್ ಕೊಂಡು ಬಂದೆವು.

ಸಣ್ಣ ಜಾಗದಲ್ಲಿಟ್ಟದ್ದು ಸಣ್ಣದಾಗಿಯೇ ಉಳಿಯುತ್ತದೆ ಎಂಬ ನಂಬಿಕೆಯಿಂದ ಇಟ್ಟವನಿಗೆ ಎಷ್ಟು ಹಗುರವೆನಿಸುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವರು. ಮದುವೆಯಾಗಿ ಬಂದ ಮೇಲೆ ಅವರ ಓದಿನ ವಿಷಯ ಮನೆಯಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ; "ಭಾಳ ಛಲೋ ಹೊಂದ್ಕೊಂಡಾಳ" ಎಂದು ಬಂದವರಿಗೆಲ್ಲ ಹೇಳುವುದನ್ನು ಮಾತ್ರ ಕೇಳಿದ್ದೇನೆ. ಟ್ಯಾಂಕ್ ಸಣ್ಣದಿದ್ದರೆ ಮೀನೂ ಸಣ್ಣದು.

ಅಂದು ಸಂಜೆ ಅಂಗಡಿಯ ಕಥೆಯನ್ನು ಹೇಳಿದಾಗ ವೈನಿ ಮೊದಲು ಕೇಳಿದ್ದು ನೀರಿನ ಬಗ್ಗೆ. ಬಾಗಲಕೋಟೆಯ ಸುತ್ತೆಲ್ಲ ಸುಣ್ಣದ ಕಲ್ಲಿನ ನೆಲ. ನಮ್ಮ ಬೋರಿನ ನೀರು ಕಾಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುವುದನ್ನು ಅವರು ದಿನವೂ ತಿಕ್ಕುತ್ತಾರೆ. ಹೀಗಿರುವಾಗ, ಅಮೆಜಾನ್ ಕಣಿವೆಯ ಮೆದು, ತುಸು ಆಮ್ಲೀಯ ನೀರಿನಿಂದ ಬಂದ ನಿಯಾನ್ ಟೆಟ್ರಾ ಮೀನುಗಳನ್ನು ಇಲ್ಲಿಗೆ ತಂದು ಗೋಳಾಡಿಸುವುದೇಕೆ? ಗಪ್ಪಿ, ಪ್ಲಾಟಿಯಂಥ ಸಣ್ಣ ಮೀನುಗಳಿಗೆ ಇಂಥ ಸುಣ್ಣದ ಗಡಸು ನೀರೇ ಒಗ್ಗುತ್ತದೆ. ಮೋಲಿಗೂ ಒಗ್ಗುತ್ತದೆ, ಆದರೆ ಅದಕ್ಕೆ ಇದಕ್ಕಿಂತ ದೊಡ್ಡ ಟ್ಯಾಂಕ್ ಬೇಕು. ಬಣ್ಣ ನೋಡಿ ಮೀನು ಆರಿಸುವ ನಾವು ಮೊದಲು ನಮ್ಮ ಕೊಡದ ತಳ ನೋಡಬೇಕಿತ್ತು.

ಹುಡುಗಿಗೆ ಅಂಗಡಿಯಲ್ಲಿ ಕಂಡ ಎರಡಿಂಚಿನ 'ಶಾರ್ಕ್' ಬೇಕಾಗಿತ್ತು. ಅದು ಶಾರ್ಕ್ ಅಲ್ಲ, ಪಂಗಾಸಿಯಸ್ ಮರಿ. ಹೋಟೆಲುಗಳಲ್ಲಿ ಬಾಸಾ ಎಂದು ಬಡಿಸುವ, ಮೀಟರಿಗೂ ಮಿಕ್ಕಿ ಬೆಳೆಯಬಲ್ಲ ಮೀನಿನದು. ಗಾಜು ನೆಕ್ಕಿ ಸ್ವಚ್ಛ ಮಾಡುತ್ತದೆಂದು ಮಾರುವ ಸಕ್ಕರ್ ಮೀನು ಕೂಡ ಒಂದಡಿಗೂ ಮೀರುತ್ತದೆ. ನೀಲಿ ಫೈಟರ್ ಮೀನು ಒಂಟಿಯಾಗಿ ಈ ಟ್ಯಾಂಕಿನಲ್ಲಿ ಸುಖವಾಗಿರಬಲ್ಲದು, ಮೇಲೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು. ಆದರೆ ಉದ್ದ ಬಾಲದ ಗಪ್ಪಿಗಳ ಜೊತೆ ಬಿಟ್ಟರೆ ಅವುಗಳ ಬಾಲ ಉಳಿಯುವ ಭರವಸೆಯಿಲ್ಲ. ಚರ್ಚೆಯ ಕೊನೆಗೆ ಆರು ಗಂಡು ಗಪ್ಪಿಗಳೆಂದು ನಿಶ್ಚಯವಾಯಿತು. ಗಂಡುಗಳೇ ಏಕೆಂದರೆ, ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಯ್ದಿಟ್ಟುಕೊಂಡು, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. "ಹಾಕಲಿ ಬಿಡು, ಒಂಬತ್ತು ಆಗ್ತಾವು" ಎಂದ ಅಣ್ಣನಿಗೆ ಯಾರೂ ಉತ್ತರ ಕೊಡಲಿಲ್ಲ.

ಈಗ ಟ್ಯಾಂಕಿನಲ್ಲಿ ನೀರಿದೆ, ಫಿಲ್ಟರ್ ಓಡುತ್ತಿದೆ, ಮೀನಿಲ್ಲ. ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ, ಹುಡುಗಿ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ, ಆ ಬ್ಯಾಕ್ಟೀರಿಯಾಗಳಿಗೆ ಬೇಕಾದ ಅಮೋನಿಯಾ ಹುಟ್ಟಲೆಂದು ಕೊಳೆಯಲು ಬಿಡುತ್ತಾಳೆ. ಹನಿ ಹಾಕಿ ಬಣ್ಣ ನೋಡುವ ಕಿಟ್ ತರಿಸಿ ವೈನಿ ನೀರನ್ನು ಪರೀಕ್ಷಿಸುತ್ತಾರೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಒಂದು ಮೀನೂ ಮನೆಯೊಳಗೆ ಬರಕೂಡದೆಂಬುದು ಅವರ ಆಜ್ಞೆ. ಅಣ್ಣ ನಿನ್ನೆ ಟ್ಯಾಂಕನ್ನು ಈಶಾನ್ಯದ ಕಿಟಕಿಯ ಕೆಳಗೆ ಸರಿಸಬೇಕೆಂದಾಗ, ಅವರು ಪರೀಕ್ಷಾ ನಳಿಕೆಯನ್ನು ಬೆಳಕಿಗೆ ಹಿಡಿದುಕೊಂಡೇ ಹೇಳಿದರು: "ಅಲ್ಲಿ ಮುಂಜಾನಿ ಬಿಸಲ ಬೀಳತೈತ್ರೀ, ಪಾಚಿ ಹಿಡಿತೈತಿ. ಇಲ್ಲೇ ಇರಲಿ."