ಒಂದು ಇಂಚಿನ ಆಸೆ

ಜೀಪನ್ನು ಮನೆಯ ಅಂಗಳಕ್ಕೆ ತಂದ ಮೊದಲ ವಾರ ನಾನು ಮಾಡಿದ್ದು ತೊಳೆಯುವ ಕೆಲಸವೊಂದೇ. ಅದು 1991ರ ಮಹೀಂದ್ರ ಎಂಎಂ 540. ಸಂಡೂರಿನ ಕಡೆಯ ಗಣಿ ಗುತ್ತಿಗೆದಾರರೊಬ್ಬರ ಬಳಿ ಅದಿರಿನ ರಾಶಿಗಳ ನಡುವೆ ಓಡಾಡಿಕೊಂಡಿದ್ದ ಈ ಗಾಡಿ, 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಶೆಡ್ಡಿಗೆ ಸೇರಿ, ಎಕ್ಸೆಲ್‌ಗಳ ಕೆಳಗೆ ಕಲ್ಲು ಕೊಟ್ಟುಕೊಂಡು ವರ್ಷಗಟ್ಟಲೆ ನಿಂತೇಬಿಟ್ಟಿತ್ತು. ನೆಲಹಾಸಿನ ತಗಡು ಬಿಚ್ಚಿದರೆ ಕುಂಕುಮದಂಥ ನುಣುಪಾದ ಕೆಂಪು ದೂಳು, ಬಾಗಿಲ ಕಂಬದೊಳಗೆ ದೂಳು, ಹೆಡ್‌ಲೈಟಿನ ಗಾಜಿನ ಹಿಂದೆ ದೂಳು. ಪೈಪು ಹಿಡಿದು ನೀರು ಬಿಟ್ಟಾಗಲೆಲ್ಲ ಅಂಗಳದ ಮೋರಿಯಲ್ಲಿ ಓಕುಳಿ ಹರಿಯಿತು. ಗಾಳಿ ಸೋಸುವ ಆಯಿಲ್ ಬಾತ್ ಡಬ್ಬಿಯ ತಳದಲ್ಲಿ ಎಣ್ಣೆಯೂ ಅದಿರಿನ ಪುಡಿಯೂ ಬೆರೆತು ಕೆಂಪು ಮೆಣಸಿನಕಾಯಿಯ ರಂಜಕದಂತೆ ಗಟ್ಟಿಯಾಗಿ ಕುಳಿತಿತ್ತು; ಚಮಚೆಯಿಂದ ಕೆರೆದು ತೆಗೆಯಬೇಕಾಯಿತು. ಆದರೆ ಆ ಡಬ್ಬಿ ತನ್ನ ಕೆಲಸ ಮಾಡಿತ್ತೆಂಬುದಕ್ಕೆ ಅದೇ ಸಾಕ್ಷಿ. ಅದಿರಿನ ಪುಡಿ ಎಂಜಿನ್ನಿನೊಳಗೆ ಹೋಗಿದ್ದರೆ ಸಿಲಿಂಡರುಗಳು ಉಜ್ಜುಕಾಗದದಲ್ಲಿ ಉಜ್ಜಿದಂತೆ ಸವೆದಿರುತ್ತಿದ್ದವು.

ಎಂಜಿನ್ನಿನ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ನನಗೆ ಹೆಚ್ಚು ತೊಂದರೆ ಕೊಡಲಿಲ್ಲ. ಪ್ಯೂಜೋ ವಿನ್ಯಾಸದ ಈ ಡೀಸೆಲ್ ಎಂಜಿನ್ನಿಗೆ ಎಕ್ಸ್‌ಡಿಪಿ 4.90 ಎಂಬ ಹೆಸರಿರುವುದು ನಾಲ್ಕು ಸಿಲಿಂಡರು, 90 ಮಿಲಿಮೀಟರು ಬೋರು (ಸಿಲಿಂಡರಿನ ಒಳವ್ಯಾಸ) ಎಂಬ ಲೆಕ್ಕದಿಂದ. ಒಟ್ಟು 2112 ಸಿಸಿ. ಟ್ಯಾಂಕಿನ ತುಕ್ಕು ತೊಳೆದು, ಅಂಟಾಗಿದ್ದ ಹಳೆಯ ಡೀಸೆಲ್ ಚೆಲ್ಲಿ, ನಾಲ್ಕು ಹೀಟರ್ ಪ್ಲಗ್‌ಗಳಲ್ಲಿ ಕೆಟ್ಟಿದ್ದ ಮೂರನ್ನು ಬದಲಿಸಿದ ಮೇಲೆ ಮೂರನೆಯ ದಿನ ಅದು ಕೆಮ್ಮಿ, ಬಿಳಿ ಹೊಗೆ ಉಗುಳಿ, ಎದ್ದು ನಿಂತಿತು. ಬ್ರೇಕಿನ ಸಿಲಿಂಡರುಗಳೆಲ್ಲ ಹೊಸವು, ವೈರಿಂಗ್ ಪೂರ್ತಿ ಹೊಸದು. ನಾನು ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವನಾದ್ದರಿಂದ ಸೀಟಿನ ಹೊದಿಕೆಗೆ ಬಳ್ಳಾರಿಯ ದಪ್ಪ ಡೆನಿಮ್ ಬಂತು. ಗ್ರೀಸ್ ಒರೆಸಲು ಕಟಿಂಗ್ ಚಿಂದಿ ಮೂಟೆಗಟ್ಟಲೆ ಸಿಕ್ಕಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹಕ್ಕೆ ವಸ್ತುವೇ ಇರುತ್ತಿರಲಿಲ್ಲ. ಗಾಡಿ ಓಡತೊಡಗಿದ ಮೇಲೆ ನನಗೆ ಅದನ್ನು ತುಸು ಎತ್ತರ ಮಾಡುವ ಆಸೆ ಹುಟ್ಟಿತು. ಅಗಲವಾದ ಟೈರು, ಮಾಡಿನ ಮೇಲೆ ಸಾಲು ದೀಪ, ಮುಂದೊಂದು ವಿಂಚ್ ಎಂದು ಅಳಿಯ ಕೊಟ್ಟ ಪಟ್ಟಿಯನ್ನು ನಾನು ದೊಡ್ಡವನ ಗತ್ತಿನಿಂದಲೇ ತಳ್ಳಿಹಾಕಿದ್ದೆ. ಆರ್‌ಸಿ ಪುಸ್ತಕದಲ್ಲಿ ಬರೆದದ್ದಕ್ಕೆ ವ್ಯತಿರಿಕ್ತವಾಗಿ ಗಾಡಿಯ ಮೂಲರೂಪವನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಅವನಿಗೆ ಓದಿ ತಿಳಿಸಿದವನೂ ನಾನೇ. ಗಣಿಯವರು ಬೆಸುಗೆ ಹಾಕಿಸಿದ್ದ ಭಾರಿ ಕಬ್ಬಿಣದ ಗಾರ್ಡನ್ನು ಕತ್ತರಿಸಿ ಗುಜರಿಗೆ ಹಾಕಿ, ನಿಯಮ ಪಾಲಿಸಿದ ತೃಪ್ತಿಯನ್ನೂ ಪಟ್ಟಿದ್ದೆ. ಅಂಥ ನಾನೇ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಬದಲಾವಣೆಯೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಕಮಾನು ಪಟ್ಟಿಗಳನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್‌ಗಳನ್ನು ಎರಡು ಇಂಚು ಉದ್ದವಾಗಿ ಹೊಸದಾಗಿ ಮಾಡಿಸಿ ತಂದೆ. ಕಮಾನಿನ ಒಂದು ತುದಿ ಮಾತ್ರ ಇಳಿಯುವುದರಿಂದ ಎರಡು ಇಂಚಿನ ಶ್ಯಾಕಲ್ ಹಾಕಿದರೆ ಗಾಡಿ ಏಳುವುದು ಒಂದೇ ಇಂಚು. ಆ ಒಂದು ಇಂಚಿಗಾಗಿ ಎರಡು ಭಾನುವಾರ ಹೋದವು. ಅಂಗಳದಲ್ಲಿ ನಿಂತು ನೋಡಿದರೆ ಜೀಪು ಎದೆಯೆತ್ತಿ ನಿಂತಂತೆ ಕಾಣುತ್ತಿತ್ತು, ಅದಂತೂ ನಿಜ.

ಮರುವಾರ ಮೋಕಾ ಕಡೆಗೆ ಹೊರಟಿದ್ದೆ. ಬಳ್ಳಾರಿ ದಾಟಿ ರಸ್ತೆ ತೆರೆದುಕೊಂಡು, ಎರೆ ಹೊಲಗಳು ಎರಡೂ ಬದಿಗೆ ಹರಡಿಕೊಂಡ ಕಡೆ ಗಾಡಿ 45 ಕಿಲೋಮೀಟರು ವೇಗದಲ್ಲಿತ್ತು. ಎಡಗಾಲಿ ಒಂದು ಸಣ್ಣ ಗುಂಡಿಗೆ ಇಳಿದು ಎದ್ದಿತು, ಅಷ್ಟೆ. ಆ ಕ್ಷಣದಿಂದ ಸ್ಟಿಯರಿಂಗು ನನ್ನ ಕೈಯಲ್ಲಿರಲಿಲ್ಲ. ಎರಡೂ ಮುಂಗಾಲಿಗಳು ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳತೊಡಗಿ, ಬಾನೆಟ್ಟು ಕುಣಿದು, ಡ್ಯಾಶ್‌ಬೋರ್ಡಿನಲ್ಲಿ ಎಲ್ಲಿ ಅಡಗಿತ್ತೋ ಆ ಕೆಂಪು ದೂಳು, ಅಷ್ಟು ತೊಳೆದಿದ್ದರೂ, ನನ್ನ ಮಡಿಲಿಗೆ ಉದುರಿತು. ಹಿಡಿತ ಬಿಗಿ ಮಾಡಿದಷ್ಟೂ ನಡುಕ ಹೆಚ್ಚುತ್ತಿತ್ತು. ಬ್ರೇಕನ್ನು ಮೆಲ್ಲಗೆ ಒತ್ತಿ ವೇಗ ಪೂರ್ತಿ ಇಳಿದು ಗಾಡಿ ನಿಲ್ಲುವ ಹೊತ್ತಿಗಷ್ಟೇ ಅದು ಬಿಟ್ಟಿತು. ಹಿಂದೆ ಹುಲ್ಲು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನವನು ಇಳಿದು ಬಂದು, ಚಕ್ರ ಕಳಚಿದೆಯೇನೋ ಎಂದು ಬಗ್ಗಿ ನೋಡಿ, ಏನೂ ಕಾಣದೆ ನನ್ನ ಮುಖ ನೋಡಿದ. ಮನೆಗೆ 30ರ ವೇಗದಲ್ಲಿ ಮರಳಿದೆ.

ಕೌಲ್ ಬಜಾರಿನ ಮೇಸ್ತ್ರಿಯೊಬ್ಬರು ಹಿಂದೆ ಗಣಿಯ ವರ್ಕ್‌ಶಾಪಿನಲ್ಲಿ ಇಂಥ ಜೀಪುಗಳನ್ನೇ ನೋಡಿಕೊಂಡವರು. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಅವರು ಬಂದಾಗ, ಟೈರು ಬ್ಯಾಲೆನ್ಸ್ ಮಾಡಿಸಬೇಕು, ನಡುಕ ಹೀರುವ ಸ್ಟಿಯರಿಂಗ್ ಡ್ಯಾಂಪರ್ ಹಾಕಿಸಬೇಕು ಎಂಬ ನನ್ನ ಯೋಚನೆಗಳನ್ನೆಲ್ಲ ಕೇಳಿಸಿಕೊಂಡು, ಪಾನಾ ಕೈಗೆತ್ತಿಕೊಳ್ಳದೆ, ಗಾಡಿಯ ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕುಳಿತು ಮುಂದಿನ ಎಕ್ಸೆಲನ್ನು ನೋಡಿದರು. "ಗಾಡಿ ಎತ್ರ ಮಾಡೀರಿ, ಅದರ ತಲೀನ ಮುಂದಕ ಬಗ್ಗಿಸಿ ಇಟ್ಟೀರಿ," ಎಂದರು.

ಅವರು ಹೇಳಿದ್ದನ್ನು ನನ್ನ ಲೆಕ್ಕದ ಬುದ್ಧಿ ಒಪ್ಪಲು ಅರ್ಧ ಗಂಟೆ ಹಿಡಿಯಿತು. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಹಿಂದಕ್ಕೆ ವಾಲಿಕೊಂಡಿರುವುದು ಕೈಬಿಟ್ಟರೂ ಸೈಕಲ್ಲು ನೆಟ್ಟಗೆ ಹೋಗಲು ನೆರವಾಗುತ್ತದೆಂದು ಹುಡುಗರಿಗೂ ಗೊತ್ತು. ಜೀಪಿನ ಮುಂಗಾಲಿಗಳು ತಿರುಗುವ ಕಿಂಗ್‌ಪಿನ್ನೂ ಹಾಗೆಯೇ ಮೇಲ್ತುದಿಯಲ್ಲಿ ಹಿಂದಕ್ಕೆ ವಾಲಿರಬೇಕು. ಮೇಸ್ತ್ರಿಗಳು ಇದನ್ನು ಕ್ಯಾಸ್ಟರ್ ಎನ್ನುತ್ತಾರೆ, ಇಂಥ ಹಳೆಯ ಜೀಪುಗಳಲ್ಲಿ ಅದು ಮೂರು ಡಿಗ್ರಿಯ ಆಸುಪಾಸು. ನನ್ನ ಗಾಡಿಯಲ್ಲಿ ಮುಂದಿನ ಕಮಾನಿನ ಶ್ಯಾಕಲ್ ಇರುವುದು ಮುಂದಿನ ತುದಿಗೆ. ಅದನ್ನು ಉದ್ದ ಮಾಡಿದಾಗ ಕಮಾನಿನ ಮುಂದಿನ ಕಣ್ಣು, ಅಂದರೆ ಬೋಲ್ಟು ಕೂರುವ ತುದಿಯ ಬಳೆ, ಚಾಸಿಯಿಂದ ಎರಡು ಇಂಚು ಕೆಳಗಿಳಿದು, ಇಡೀ ಎಕ್ಸೆಲು ಮುಂದಕ್ಕೆ ಮಗುಚಿಕೊಂಡಿತ್ತು. ಕಣ್ಣಿಂದ ಕಣ್ಣಿಗೆ ಟೇಪು ಹಿಡಿದರೆ 36 ಇಂಚು. 36ಕ್ಕೆ ಎರಡು ಇಂಚಿನ ಇಳಿಜಾರೆಂದರೆ ಮೂರು ಡಿಗ್ರಿಗೆ ತುಸು ಹೆಚ್ಚು. ಗಾಡಿಗೆ ಹುಟ್ಟಿನಿಂದ ಇದ್ದ ಮೂರು ಡಿಗ್ರಿಯನ್ನು ನಾನು ಸರಿಯಾಗಿ ಅಷ್ಟೇ ಅಳತೆಯಲ್ಲಿ ಅಳಿಸಿಹಾಕಿದ್ದೆ. ತಪ್ಪಿನಲ್ಲೂ ಇಷ್ಟು ನಿಖರವಾಗಿ ಲೆಕ್ಕ ಕೂಡಿದ್ದು ನನ್ನ ವೃತ್ತಿಜೀವನದಲ್ಲಿ ಅದೇ ಮೊದಲು.

ಶ್ಯಾಕಲನ್ನು ಹಾಗೆಯೇ ಬಿಟ್ಟು ಕಮಾನಿಗೂ ಎಕ್ಸೆಲಿಗೂ ನಡುವೆ ಮೂರು ಡಿಗ್ರಿಯ ಬೆಣೆ ಕೊಟ್ಟರಾಗದೆ ಎಂದು ಕೇಳಿದೆ, ಎತ್ತರದ ಆಸೆ ಇನ್ನೂ ಹೋಗಿರಲಿಲ್ಲ. ಲೇತಿನಲ್ಲಿ ಮಾಡಿಸಬಹುದು, ಕ್ಯಾಸ್ಟರೂ ಮರಳಿ ಬರುತ್ತದೆ, ಆದರೆ ಆಗ ಡಿಫರೆನ್ಷಿಯಲ್‌ನ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗೂಡು) ಮೂತಿ ನೆಲದ ಕಡೆ ತಿರುಗಿ, ಅದಕ್ಕೆ ಎಂಜಿನ್ನಿನ ಶಕ್ತಿ ತಲುಪಿಸುವ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಮೊದಲಿಗಿಂತ ಹೆಚ್ಚು ಮುರಿದುಕೊಂಡು ನಿಲ್ಲುತ್ತದೆ ಎಂದರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಕಿತ್ತುಬರುವ ಕಂಬಳಿ. ಹಳೆಯ ಶ್ಯಾಕಲ್‌ಗಳನ್ನು ನಾನು ಗುಜರಿಗೆ ಹಾಕಿರಲಿಲ್ಲವೆಂಬುದೊಂದೇ ಅಂದಿನ ಸಮಾಧಾನ.

ಆದರೆ ಶ್ಯಾಕಲ್ ಒಂದನ್ನೇ ದೂರಿದರೆ ಪೂರ್ತಿ ಸತ್ಯ ಹೇಳಿದಂತಾಗದು. ಚಕ್ರ, ಡ್ರಮ್ಮು ಬಿಚ್ಚಿ, ಎರಡು ಮುಂಗಾಲಿಗಳನ್ನು ಜೋಡಿಸುವ ಟೈ ರಾಡು ಕಳಚಿ, ಎಕ್ಸೆಲಿನ ತುದಿಯ ಗೋಳದ ಸುತ್ತಿನ ಫೆಲ್ಟ್ ಸೀಲನ್ನು ಸರಿಸಿದ ಮೇಲೆ ಮೇಸ್ತ್ರಿ ಚಕ್ರವನ್ನು ಹೊತ್ತು ತಿರುಗುವ ಬಲಗಡೆಯ ನಕಲ್ಲನ್ನು ಬರೀ ಕಿರುಬೆರಳಿನಿಂದ ತಳ್ಳಿದರು. ಅದು ಎಣ್ಣೆ ಹಾಕಿದ ಬಾಗಿಲಿನಂತೆ ತಿರುಗಿತು. ಹಾಗೆ ತಿರುಗಬಾರದು. ಕಿಂಗ್‌ಪಿನ್ನಿನ ಬೇರಿಂಗುಗಳ ಮೇಲೆ ತಕ್ಕಷ್ಟು ಒತ್ತಡ ಇರಬೇಕು, ಆ ಒತ್ತಡವನ್ನು ನಿಗದಿ ಮಾಡುವುದು ಮೇಲಿನ ಮುಚ್ಚಳದಡಿಯ ತೆಳು ತಗಡಿನ ಶಿಮ್‌ಗಳು. ಒಂದೊಂದು ಶಿಮ್ ತೆಗೆದಂತೆ ಬಿಗಿ ಹೆಚ್ಚುತ್ತದೆ. ಅಳೆಯಲು, ಕಾರ್ಖಾನೆಯಲ್ಲಿ ಚಿಂದಿ ತೂಗುವ ಕೊಕ್ಕೆ ತಕ್ಕಡಿಯನ್ನು ತರಿಸಿದೆ. ಟೈ ರಾಡಿನ ತೂತಿಗೆ ಕೊಕ್ಕೆ ಸಿಕ್ಕಿಸಿ ನಾನು ಎಳೆಯುವುದು, ನಕಲ್ಲು ಕದಲುವ ಕ್ಷಣದಲ್ಲಿ ಮುಳ್ಳು ಎಲ್ಲಿದೆಯೆಂದು ಮೇಸ್ತ್ರಿ ಓದುವುದು. ಮೊದಲ ಸಲ ಮುಳ್ಳು ಎರಡು ಕೆ.ಜಿ.ಯನ್ನೂ ಮುಟ್ಟಲಿಲ್ಲ. ಒಂದು ಶಿಮ್ ತೆಗೆದಾಗ ಮೂರೂವರೆ. ಇನ್ನೊಂದಕ್ಕೆ ಒಮ್ಮೆಲೇ ಒಂಬತ್ತು, ಅದು ಹೆಚ್ಚಾಯಿತು. ಅದನ್ನೇ ಮರಳಿ ಇಟ್ಟು, ಅದಕ್ಕಿಂತ ತೆಳುವಾದದ್ದನ್ನು ತೆಗೆದಾಗ ಆರು ಕೆ.ಜಿ.ಗೆ ನಿಂತಿತು. "ಇಲ್ಲಿಗೆ ಸಾಕು," ಎಂದರು. ಮೇ ತಿಂಗಳ ಬಳ್ಳಾರಿಯಲ್ಲಿ, ಮಧ್ಯಾಹ್ನ ಒಂದಕ್ಕೆ, ಸಿಮೆಂಟು ಅಂಗಳದ ಮೇಲೆ ಬಿಸಿಲಿಗೆ ಕಾದ ಪಾನಾ ಹಿಡಿಯಲು ಡೆನಿಮ್ ಚಿಂದಿಯೇ ಕೈಗವಸಾಯಿತು. ಎಡಗಡೆಗೂ ಇದೇ ಆಟ ಮುಗಿಯುವಾಗ ಐದಾಗಿತ್ತು. ಹೊಸ ಬುಷ್ ಹಾಕಿ ಹಳೆಯ ಶ್ಯಾಕಲ್ ಏರಿಸಿ, ಜಾಕ್ ಇಳಿಸಿದಾಗ ಜೀಪು ಮೊದಲಿನ ಎತ್ತರಕ್ಕೆ ಕುಳಿತುಕೊಂಡಿತು. ನನಗೆ ಸ್ವಲ್ಪ ಬೇಸರವೇ ಆಯಿತು.

ಹಗರಿಯ ಆಚೆ ದಡದಲ್ಲಿ ನನ್ನ ಭಾವನವರ ಹೊಲವಿದೆ. ಬೇಸಿಗೆಯಲ್ಲಿ ನದಿಯೆಂದರೆ ಅಗಲವಾದ ಮರಳ ಹಾಸು. ಎತ್ತಿನ ಬಂಡಿಗಳು ದಾಟುವ ಹಾದಿಯೊಂದು ಅದರಲ್ಲಿ ಇದ್ದೇ ಇರುತ್ತದೆ. ಮುಂದಿನ ವಾರ ಅಳಿಯನನ್ನೂ ಮೇಸ್ತ್ರಿಯನ್ನೂ ಕೂರಿಸಿಕೊಂಡು ಹೊರಟೆ. ಆ ಗುಂಡಿಯ ಮೇಲೆ 45ರಲ್ಲೇ ಎಡಗಾಲಿಯನ್ನು ಬೇಕೆಂದೇ ಇಳಿಸಿದೆ, ಸ್ಟಿಯರಿಂಗು ಒಮ್ಮೆ ಕೈಯಲ್ಲಿ ಮಿಸುಕಿ ಸುಮ್ಮನಾಯಿತು. ಮರಳಿನ ಅಂಚಿನಲ್ಲಿ ಟೈರುಗಳ ಗಾಳಿಯನ್ನು 28 ಪಿಎಸ್‌ಐಯಿಂದ 16ಕ್ಕೆ ಇಳಿಸಿ, ಮುಂದಿನ ಎಕ್ಸೆಲನ್ನು ಸೇರಿಸಿ, ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಸ್ಪೆಷಲ್ ಗೇರಿನಲ್ಲಿ, ಎರಡನೆಯದರಲ್ಲೇ, ಎಲ್ಲೂ ನಿಲ್ಲದೆ ದಾಟಿದೆವು. ಎತ್ತರದ ಅಗತ್ಯ ಒಂದು ಕಡೆಯೂ ಬೀಳಲಿಲ್ಲ. ಹೊಟ್ಟೆ ಮರಳಿಗೆ ತಾಗದಂತೆ ಕಾಪಾಡಿದ್ದು ಹಿಗ್ಗಿಕೊಂಡ ಟೈರು. ಆಚೆ ದಡ ಹತ್ತಿದ ಮೇಲೆ ಫೋರ್ ವೀಲ್ ಲಿವರನ್ನು ನಾನು ಮರೆತು ಹಾಗೆಯೇ ಬಿಟ್ಟಿದ್ದನ್ನು ಮೇಸ್ತ್ರಿ ನೋಡಿ, ಗಟ್ಟಿ ರಸ್ತೆ ಸಿಗುವ ಮುಂಚೆಯೇ ತೆಗೆಸಿದರು. ಮುಂದಿನ, ಹಿಂದಿನ ಎಕ್ಸೆಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಈ ಜೀಪಿನಲ್ಲಿ ಮರಳಾದರೆ ಚಕ್ರ ಜಾರಿಕೊಂಡು ಲೆಕ್ಕ ಸರಿಮಾಡಿಕೊಳ್ಳುತ್ತದೆ, ಡಾಂಬರಿನ ಮೇಲೆ ತಿರುವು ತೆಗೆದರೆ ಶಾಫ್ಟು, ಗೇರುಗಳು ಒಂದರೊಡನೊಂದು ತಿರುಚಿಕೊಂಡು ಲಿವರೇ ಹೊರಬರದಂತೆ ಬಿಗಿಯುತ್ತದೆ.

ಮರಳುವಾಗ ಈಚೆ ದಡದ ಜಾಲಿ ಮರದ ಕೆಳಗೆ ಕಾಲುಪಂಪಿನಿಂದ ನಾಲ್ಕೂ ಟೈರಿಗೆ ಗಾಳಿ ತುಂಬಿದೆವು. ಮೊದಲ ಟೈರಿಗೆ ನಾನು ತುಳಿದ ಲೆಕ್ಕ ಇನ್ನೂರಕ್ಕೆ ತಪ್ಪಿಹೋಯಿತು. ಉಳಿದ ಮೂರನ್ನು ಅಳಿಯನಿಗೆ ಬಿಟ್ಟು ನಾನೂ ಮೇಸ್ತ್ರಿಯೂ ಡೆನಿಮ್ ಸೀಟಿನ ಮೇಲೆ ಕುಳಿತು, ಭಾವನವರ ಮನೆಯಿಂದ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿದೆವು. ಎರಡನೆಯ ಟೈರಿನ ಅರ್ಧಕ್ಕೆ ಅಳಿಯ ನಿಂತು, ಬಿಚ್ಚಿಟ್ಟ ಆ ಉದ್ದನೆಯ ಶ್ಯಾಕಲ್‌ಗಳನ್ನು ಏನು ಮಾಡಿದಿರಿ, ತನ್ನ ಸ್ನೇಹಿತನೊಬ್ಬನಿಗೆ ಬೇಕಂತೆ, ಎಂದು ಕೇಳಿದ.